ಅಂತ್ಯ ಗೊತ್ತಿದ್ದರೂ ಲಿಂಕನ್ ಕೊಲೆಯ ಸಂಚನ್ನು ಓದಬಹುದೇ?

ಲಿಂಕನ್ ಸಾಯುವುದು ಮೊದಲೇ ಗೊತ್ತಿರುವಾಗ ಆ ಸಂಚಿನ ಇತಿಹಾಸದಲ್ಲಿ ಕುತೂಹಲ ಏನು ಉಳಿದಿರುತ್ತದೆ ಎಂದು ಕೇಳಿದ್ದೀರಿ. ತುಂಬಾ ಉಳಿದಿದೆ! 1865ರ ಏಪ್ರಿಲ್ 14ರ ರಾತ್ರಿ ಗುರಿಯಾಗಿದ್ದು ಲಿಂಕನ್ ಒಬ್ಬರೇ ಅಲ್ಲ. ವಾಷಿಂಗ್ಟನ್ನಿನ ಫೋರ್ಡ್ ಥಿಯೇಟರಿನಲ್ಲಿ ಸಂಚಿನ ಮುಖ್ಯಸ್ಥ, ನಟ ಬೂತ್ ಲಿಂಕನ್ ಮೇಲೆ ಗುಂಡು ಹಾರಿಸುವ ಹೊತ್ತಿಗೆ ಅವನ ಸಂಗಡಿಗ ಪೊವೆಲ್ ಎಂಬಾತ ವಿದೇಶಾಂಗ ಮಂತ್ರಿ ಸೀವರ್ಡ್ ಮನೆಗೆ ನುಗ್ಗಿ ಅವರನ್ನು ಚಾಕುವಿನಿಂದ ಇರಿದ. ಅವರು ಬದುಕಿಕೊಂಡರು. ಉಪಾಧ್ಯಕ್ಷ ಜಾನ್ಸನ್‌ರನ್ನು ಕೊಲ್ಲಬೇಕಿದ್ದ ಇನ್ನೊಬ್ಬ ಸಂಗಡಿಗ ಆಟ್ಜೆರಾಟ್ ಧೈರ್ಯ ಸಾಲದೆ ಕುಡಿಯಲು ಹೋಗಿಬಿಟ್ಟ. ಇದನ್ನು ಓದುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಅವನಿಗೆ ಧೈರ್ಯ ಬಂದಿದ್ದರೆ ಏನಾಗುತ್ತಿತ್ತು, ಅಲ್ವಾ?

ಹೆಸರುಗಳು ಜಾಸ್ತಿ. ಯಾರು ಯಾರೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೂತ್ 12 ದಿನ ತಲೆಮರೆಸಿಕೊಂಡು ಓಡಿದ ಭಾಗವನ್ನು ಮಾತ್ರ ಮೇರಿಲ್ಯಾಂಡ್, ವರ್ಜೀನಿಯಾ ನಕ್ಷೆ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿ.