ತೋಟ ಅಡವಿಡುವ ಮೊದಲು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗಳಿಗೆ ಸಿಇಟಿಯಲ್ಲಿ ಶಿವಮೊಗ್ಗದಲ್ಲೇ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಸೀಟು ಸಿಗುವಂತಿದೆ. ನೆಂಟರೆಲ್ಲ ಕಂಪ್ಯೂಟರ್ ಸೈನ್ಸೇ ಕೊಡಿಸಿ ಅನ್ನುತ್ತಾರೆ. ಅದಕ್ಕೆ ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟು ತೆಗೆಯಬೇಕು, ಒಂದೆಕರೆ ಅಡಿಕೆ ತೋಟ ಅಡವಿಡಬೇಕು. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಕೆಲಸ ಇದೆಯಾ? ವಿ.ಸೂ.: ಇವಳಿಗೆ ಪಂಪಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂರುವ ಚಾಳಿ ಇದೆ.’

ಉತ್ತರ: ಇರೋ ವಿಷಯವನ್ನೆಲ್ಲ ವಿ.ಸೂ.ಗೆ ತಳ್ಳಿದ್ದೀರಲ್ಲ ಮಾರಾಯ್ರೆ! ಅದಕ್ಕೆ ಚಾಳಿ ಅಂತ ಬೇರೆ ಹೆಸರಿಟ್ಟಿದ್ದೀರಿ. ಮೇನ್ ಸ್ವಿಚ್ ತೆಗೆದು ಬಿಚ್ಚಲು ಹೇಳಿ, ಅಷ್ಟು ಸಾಕು.

ಕಂಪ್ಯೂಟರ್ ಸೈನ್ಸ್ ಕೆಟ್ಟದ್ದಲ್ಲ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಜಾಸ್ತಿ, ಕೆಲಸವೂ ಬೇಗ ಸಿಗುತ್ತದೆ. ಒಪ್ಪಿದೆ.

ಈಗ ನನ್ನ ಮಾತು. ಮೊನ್ನೆ ನಮ್ಮ ಮನೆ ಪಂಪಿನ ಪ್ಯಾನೆಲ್ ಕೈಕೊಟ್ಟಿತು. ಬಟನ್ ಒತ್ತಿದರೆ ಟಕ್ ಅನ್ನುತ್ತದೆ, ಮೋಟಾರು ತಿರುಗುವುದಿಲ್ಲ. ಕಂಪನಿ ಕಡೆಯ ಹುಡುಗ ಬಂದು ಫೋಟೊ ತೆಗೆದ. ‘ಬೋರ್ಡ್ ಹೋಗಿದೆ ಸಾರ್, ಆರು ಸಾವಿರ’ ಅಂದು ಹೋದ. ಮನಸ್ಸು ಒಪ್ಪಲಿಲ್ಲ. ಬೋರ್ಡ್ ಕಳಚಿ ಪೇಟೆಯ ಹಳೇ ರೇಡಿಯೊ ರಿಪೇರಿಯವರ ಹತ್ತಿರ ಒಯ್ದೆ. ಅವರು ಬೋರ್ಡಿನ ರಿಲೇಯ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಪುಟ್ಟ ಸ್ವಿಚ್ಚಿನ, ಪ್ಲಾಸ್ಟಿಕ್ ಟೋಪಿಯನ್ನು ಬ್ಲೇಡಿನಲ್ಲಿ ಮೆಲ್ಲಗೆ ಎತ್ತಿದರು. ಎರಡು ಪಾಯಿಂಟಿನ ನಡುವೆ ಒಂದು ಇರುವೆ, ಸುಟ್ಟು ಕರಕಲು. ಪೋಸ್ಟ್ ಕಾರ್ಡಿನ ಚೂರು ತೂರಿಸಿ ಎರಡು ಸಲ ಎಳೆದರು. ಮನೆಗೆ ತಂದು ಹಾಕಿದೆ, ಮೋಟಾರು ಓಡಿತು. ಐವತ್ತು ಕೊಟ್ಟಿದ್ದೆ, ಮೂವತ್ತು ವಾಪಸ್ ಕೊಟ್ಟಿದ್ದರು!

ನಾನು ಚಿಕ್ಕವನಿದ್ದಾಗ ಅವರ ಅಂಗಡಿಯಲ್ಲೇ ಭದ್ರಾವತಿ ಆಕಾಶವಾಣಿ ಕೇಳಿದ್ದು. 675 ಕಿಲೋಹರ್ಟ್ಸ್. ಗುಂಡಿ ತಿರುಗಿಸಿದರೆ ಒಳಗೆ ಗ್ಯಾಂಗ್ ಕಂಡೆನ್ಸರಿನ ತಗಡುಗಳು ಒಂದರೊಳಗೊಂದು ಸರಿಯುತ್ತಿದ್ದವು, ಮುಳ್ಳು ಓಡುತ್ತಿತ್ತು, ಇದ್ದಕ್ಕಿದ್ದಂತೆ ಸ್ಟೇಷನ್ ಹಿಡಿಯುತ್ತಿತ್ತು. ನಿಮ್ಮ ಮಗಳು ಕಾಲೇಜಿನಲ್ಲಿ ಇದನ್ನೇ ರೆಸೊನೆನ್ಸ್ ಅಂತ ಓದುತ್ತಾಳೆ. ಲೆಕ್ಕ ಕಷ್ಟ, ಸುಳ್ಳು ಹೇಳುವುದಿಲ್ಲ. ಸಿಗ್ನಲ್ಸ್, ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಬಂದಾಗ ಎಷ್ಟೋ ಮಕ್ಕಳು ಕೈಚೆಲ್ಲುತ್ತಾರೆ.

ಕೆಲಸ ಇದೆಯಾ ಅಂತ ಕೇಳಿದ್ದೀರಿ. ಬೆಂಗಳೂರು ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಶುರುವಾಗಿದ್ದು 1954ರಲ್ಲಿ. ನೀವು ಓಟು ಒತ್ತುವ ಯಂತ್ರ ಮಾಡುವ ಎರಡು ಕಂಪನಿಗಳಲ್ಲಿ ಅದೂ ಒಂದು. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು. ಇವತ್ತು ಆ ಊರಲ್ಲಿ ಚಿಪ್ಪಿನ ನಕ್ಷೆ ಬರೆಯುವವರು, ಬರೆದದ್ದನ್ನು ಪರೀಕ್ಷಿಸುವವರು ಸಾವಿರಾರು ಜನ ಇದ್ದಾರೆ. ಕಾರು, ಮೊಬೈಲ್ ಟವರು, ಆಸ್ಪತ್ರೆಯ ಇಸಿಜಿ, ಇಸ್ರೋ, ನಮ್ಮ ತೋಟಕ್ಕೆ ಹಂದಿ ಬಾರದಂತೆ ಕಾಯುವ, ಶಾಕ್ ಕೊಡುವ ಐಬೆಕ್ಸ್ ಬೇಲಿ, ಎಲ್ಲದರಲ್ಲೂ ಇದೇ ವಿದ್ಯೆ. ಒಳ್ಳೆಯ ಚಿಪ್ ಕೆಲಸಕ್ಕೆ ಎಂಟೆಕ್ ಇದ್ದರೆ ಅನುಕೂಲ, ಅದರ ಪ್ರವೇಶ ಪರೀಕ್ಷೆ ಗೇಟ್ ಬರೆಯಲಿ. ಕೋಡಿಂಗ್ ತಪ್ಪಿಸಿಕೊಂಡೆ ಅಂದುಕೊಳ್ಳುವುದು ಬೇಡ. ಸಿ ಭಾಷೆ, ಚಿಪ್ಪಿನ ನಕ್ಷೆ ಬರೆಯುವ ವೆರಿಲಾಗ್ ಭಾಷೆ ಕಲಿಯಲೇಬೇಕು. ಬೇಜಾರಾದರೆ ಸಾಫ್ಟ್‌ವೇರಿಗೂ ಹೋಗಬಹುದು, ಇ ಅಂಡ್ ಸಿಯವರಿಗೆ ಅಲ್ಲಿ ಬಾಗಿಲು ಹಾಕಿಲ್ಲ. ಇಷ್ಟಿರುವಾಗ ತೋಟ ಯಾಕೆ ಅಡವಿಡುತ್ತೀರಿ?

ನನಗೆ ಸಿಟ್ಟು ಬರುವುದು ಓದಿಸುವ ರೀತಿಗೆ. ಲ್ಯಾಬಿನಲ್ಲಿ ಹತ್ತು ಮಕ್ಕಳು ಒಂದು ಆಸಿಲೋಸ್ಕೋಪಿನ (ಸಿಗ್ನಲ್ಲಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಸುತ್ತ ನಿಲ್ಲುತ್ತಾರೆ, ಒಬ್ಬ ಮುಟ್ಟುತ್ತಾನೆ, ಉಳಿದವರು ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಬರೆಯುತ್ತಾರೆ. ಕೊನೇ ವರ್ಷದ ಪ್ರಾಜೆಕ್ಟು ದುಡ್ಡು ಕೊಟ್ಟು ತರುವುದು, ಸ್ಪೈರಲ್ ಬೈಂಡಿಂಗ್ ಸಮೇತ. ಪಂಪಿನ ಹುಡುಗ ಫೋಟೊ ತೆಗೆದು ಹೋಗದೆ ಇನ್ನೇನು ಮಾಡ್ತಾನೆ? ಸ್ಕ್ರೂಡ್ರೈವರ್ ಹಿಡಿದರೆ ಮರ್ಯಾದೆ ಕಡಿಮೆ ಅಂತ ನಾವೇ ಕಲಿಸಿದ್ದು ತಾನೇ.

ನಿಮ್ಮ ಪತ್ರದಲ್ಲಿ ನೆಂಟರ ಅಭಿಪ್ರಾಯ ಎರಡು ಪುಟ ಇದೆ. ಮಗಳದ್ದು ಒಂದು ಸಾಲೂ ಇಲ್ಲ. ಆಪ್ಷನ್ ಎಂಟ್ರಿಗೆ ಕೂರುವ ಮುಂಚೆ ಒಮ್ಮೆ ಅವಳನ್ನು ಕೇಳಿ.

ಅಂದ ಹಾಗೆ, ನಮ್ಮ ಕಚೇರಿಯ ಯುಪಿಎಸ್ ಹೋದ ತಿಂಗಳ ಸಿಡಿಲಿಗೆ ಸತ್ತಿದೆ. ಕವರ್ ತೆಗೆದು ನೋಡಿದೆ, ಒಂದು ಕೆಪಾಸಿಟರಿನ ಹೊಟ್ಟೆ ಉಬ್ಬಿದೆ. ರಿಪೇರಿಗೆ ಕೊಡದೆ ಹಾಗೇ ಇಟ್ಟಿದ್ದೇನೆ. ಅಡ್ಮಿಷನ್ನಿಗೆ ಶಿವಮೊಗ್ಗಕ್ಕೆ ಬಂದಾಗ ಮಗಳನ್ನು ಕರೆದುಕೊಂಡು ಬನ್ನಿ, ಕಾಫಿ ನಮ್ಮದು.