ಮೂವತ್ತೆಂಟನೇ ಪುಟದಿಂದ ಶುರು ಮಾಡಿ

ಪ್ರಶ್ನೆ: ನನಗೆ 33 ವರ್ಷ. ತಿಪಟೂರಿನ ಕಡೆಯವಳು, ಮದುವೆಯಾಗಿ ವಿಜಯನಗರದಲ್ಲಿದ್ದೇನೆ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಆರು ವರ್ಷದ ಮಗಳಿದ್ದಾಳೆ, ಮನೆ ಸಾಲವಿದೆ. ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. 140 ಪುಟಕ್ಕೆ ಬಂದು ನಿಂತುಬಿಟ್ಟಿದೆ. ಎಂಟು ತಿಂಗಳಿಂದ ಮೊದಲ ಅಧ್ಯಾಯವನ್ನೇ ತಿದ್ದುತ್ತಾ ಕೂತಿದ್ದೇನೆ. ಕಥೆ ನನ್ನ ಚಿಕ್ಕಮ್ಮನದು. ಗಂಡನ ಮನೆ ಬಿಟ್ಟು ಒಬ್ಬರೇ ಬೆಂಗಳೂರಿಗೆ ಬಂದು, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿದು ಬದುಕಿದವರು. ಈಗ ಊರಲ್ಲೇ ಇದ್ದಾರೆ. ಅಮ್ಮನಿಗೆ ಹೇಳಿದರೆ ‘ಮನೆ ವಿಷಯ ಬೀದಿಗೆ ಹಾಕಬೇಡ’ ಅಂದರು. ಒಬ್ಬ ಪ್ರಕಾಶಕರು 70,000 ರೂಪಾಯಿ ಕೊಟ್ಟರೆ ಮೂರು ತಿಂಗಳಲ್ಲಿ ಪುಸ್ತಕ ತರುತ್ತೇನೆ ಎನ್ನುತ್ತಾರೆ. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ 35ರ ಮಿತಿ ಇದೆ, ಅದೂ ದಾಟುತ್ತಿದೆ. ಗಂಡ ‘ಒಂದು ವರ್ಷ ಕೆಲಸ ಬಿಟ್ಟು ಬರಿ, ಹೇಗೋ ನಿಭಾಯಿಸೋಣ’ ಎನ್ನುತ್ತಾರೆ. ಬಿಡಲೇ? ಮೊದಲ ಮೂರು ಅಧ್ಯಾಯ, ಮುಂದಿನದರ ಸಾರಾಂಶ ಕಳಿಸಿದ್ದೇನೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕಾಗದವನ್ನು (ಮೇಲೆ ಅಚ್ಚಾಗಿರುವುದು ಅದರ ಸಾರ ಮಾತ್ರ) ಎರಡು ಸಲ ಓದಿದೆ, ಅಧ್ಯಾಯಗಳನ್ನು ಮೂರು ಸಲ. ಬೇಗ ಮುಗಿಯುವ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಕೆಲಸ ಬಿಡಬೇಡಿ.

ಕನ್ನಡದಲ್ಲಿ ಲೇಖಕರಿಗೆ ಸಾಮಾನ್ಯವಾಗಿ ಸಿಗುವ ಗೌರವಧನ ಮುಖಬೆಲೆಯ ನೂರಕ್ಕೆ ಹತ್ತು. 300 ರೂಪಾಯಿಯ ಪುಸ್ತಕಕ್ಕೆ 30 ರೂಪಾಯಿ. ಮನೆಯಲ್ಲಿರುವ ಯಾವುದಾದರೂ ಕನ್ನಡ ಪುಸ್ತಕದ ಮುದ್ರಣ ವಿವರದ ಪುಟ ತೆಗೆದು ನೋಡಿ. ‘ಡೆಮಿ 1/8’, ‘70 ಜಿಎಸ್‌ಎಂ’ ಎಂದೆಲ್ಲ ಕಾಗದದ ಅಳತೆ, ತೂಕ ಇರುವಲ್ಲೇ ‘ಪ್ರತಿಗಳು: 1000’ ಎಂದೋ 500 ಎಂದೋ ಅಚ್ಚಾಗಿರುತ್ತದೆ. ಸಾವಿರಕ್ಕೆ ಸಾವಿರವೂ ಖರ್ಚಾದರೆ ನಿಮ್ಮ ಕೈಗೆ 30,000. ಅದೂ ಒಂದೇ ಸಲಕ್ಕಲ್ಲ, ವರ್ಷಗಳ ಮೇಲೆ ಹರಿದು ಹಂಚಿ. ನಿಮ್ಮ ಮನೆ ಸಾಲದ ಕಂತು ಎಷ್ಟೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ.

ಕಾದಂಬರಿ ಬರೆದೇ ಬದುಕಿದವರು ಇಲ್ಲವೇ ಎಂದರೆ ಇದ್ದಾರೆ. ಅ.ನ.ಕೃ. ಬರೆದೇ ಬದುಕಿದರು, ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಆ ನೂರು ಹವ್ಯಾಸಕ್ಕೆ ಬಂದ ಸಂಖ್ಯೆಯಲ್ಲ, ಮನೆ ನಡೆಯಬೇಕಿತ್ತು. ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ಬರೆದರು. ಭೈರಪ್ಪನವರು ನಿವೃತ್ತಿಯವರೆಗೆ ಪಾಠ ಹೇಳಿದರು. ಹಾಸನದ ಬಾನು ಮುಷ್ತಾಕ್ ಅವರದು ವಕೀಲಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅವರಿಗೆ 77 ವರ್ಷ. ಇದನ್ನು ನಿಮ್ಮ 35ರ ಗಾಬರಿಗೆ ಔಷಧಿಯಾಗಲಿ ಎಂದೇ ಹೇಳುತ್ತಿದ್ದೇನೆ. ಕಾದಂಬರಿಗಾರ್ತಿ ತ್ರಿವೇಣಿ 35 ತುಂಬುವ ಮೊದಲೇ ಅಷ್ಟೆಲ್ಲ ಬರೆದು ಹೋಗಿಬಿಟ್ಟರಲ್ಲ ಎಂದು ನೀವು ಕೇಳಬಹುದು. ನಿಜ. ನನಗೂ ಒಂದು ಕಾಲಕ್ಕೆ ಅದೇ ಹೊಟ್ಟೆಯುರಿ ಇತ್ತು, ಆ ವಯಸ್ಸು ದಾಟಿದ ಮೇಲೆ ತಣ್ಣಗಾಯಿತು. ಆ ಪುರಸ್ಕಾರವನ್ನು ಕೊಡುವುದು ಪ್ರಕಟವಾದ ಪುಸ್ತಕಕ್ಕೆ. ನಿಮ್ಮದಿನ್ನೂ 140ನೇ ಪುಟದಲ್ಲಿ ನಿಂತಿದೆ.

ಆ 140ನೇ ಪುಟಕ್ಕೆ ಬರೋಣ. ನನಗೆ ಕಂಡಂತೆ ನಿಮ್ಮ ತೊಂದರೆ ಇರುವುದು ಅಲ್ಲಿ, ವೈಟ್‌ಫೀಲ್ಡ್‌ನಲ್ಲಲ್ಲ. ಕೆಲಸ ಬಿಟ್ಟ ಮಾರನೆಯ ಸೋಮವಾರ ಮಗಳನ್ನು ಸ್ಕೂಲಿಗೆ ಕಳಿಸಿ, ಕಾಫಿ ಕುಡಿದು, ಲ್ಯಾಪ್‌ಟಾಪ್ ತೆಗೆದರೆ ಅದೇ ಪುಟ ಅಲ್ಲೇ ಕೂತಿರುತ್ತದೆ. ಆಗ ‘ಟೈಮ್ ಇಲ್ಲ’ ಎನ್ನುವ ನೆಪವೂ ಕೈಯಲ್ಲಿರುವುದಿಲ್ಲ.

ವಾರಪತ್ರಿಕೆಯೊಂದರ ಕಥಾ ವಿಭಾಗದಲ್ಲಿ ಕೂತಿದ್ದ ದಿನಗಳಲ್ಲಿ ನನ್ನ ಮೇಜಿಗೆ ಬಂದ ಹಸ್ತಪ್ರತಿಗಳಲ್ಲಿ ಮಳೆಯಿಂದ ಶುರುವಾಗದವು ಕಡಿಮೆ. ನಿಮ್ಮದೂ ಮಳೆಯಿಂದಲೇ ಶುರುವಾಗುತ್ತದೆ. ತೆಂಗಿನ ತೋಟ, ಮೋಡ, ಮಣ್ಣಿನ ವಾಸನೆ, ಮತ್ತೆ ಮೋಡ. ನಾಲ್ಕು ಪುಟ ಯಾರೂ ಬಾಯಿ ಬಿಡುವುದಿಲ್ಲ. ಐದನೇ ಪುಟದಲ್ಲಿ ನಿಮ್ಮ ಕಥಾನಾಯಕಿ ಬಾಯಿ ಬಿಟ್ಟು ಹೇಳುತ್ತಾಳೆ: ‘ನಾನು ಈ ಮನೆಯಲ್ಲಿ ಉಸಿರುಗಟ್ಟಿ ಹೋಗಿದ್ದೇನೆ. ನನಗೆ ಬಿಡುಗಡೆ ಬೇಕಾಗಿದೆ.’ ಅಮ್ಮಾ ತಾಯೀ, ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಯಾವ ಸೊಸೆ ಅತ್ತೆಯ ಎದುರು ಹೀಗೆ ವ್ಯಾಕರಣಬದ್ಧವಾಗಿ ಉಸಿರುಗಟ್ಟುತ್ತಾಳೆ? ಎಂಟು ತಿಂಗಳು ನೀವು ತಿದ್ದಿರುವುದು ಈ ಭಾಗವನ್ನು. ತಿದ್ದಿ ತಿದ್ದಿ ಅದಕ್ಕೆ ಪಾಲಿಶ್ ಬಂದಿದೆ, ಜೀವ ಬಂದಿಲ್ಲ.

ಆದರೆ 38ನೇ ಪುಟ ತಲುಪಿದಾಗ ನಾನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದೆ. ಅವಳು ಅಟ್ಟದ ಮೇಲಿದ್ದಾಳೆ. ಹತ್ತಿರ ಹತ್ತಿರ ಒಂದು ವರ್ಷ ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಒಂದೊಂದೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾಳೆ. ನೀರು ಪೂರ್ತಿ ಇಂಗಿ, ಗಿಟುಕು (ಒಳಗಿನ ಕೊಬ್ಬರಿ) ಚಿಪ್ಪು ಬಿಟ್ಟು ಒಳಗೆ ಗಡಗಡ ಅಂದರೆ ಒಂದು ಕಡೆ, ಇನ್ನೂ ಹಸಿ ಇದ್ದರೆ ಇನ್ನೊಂದು ಕಡೆ. ಕೆಳಗಿಂದ ಅತ್ತೆ ‘ಎಷ್ಟಾದ್ವೇ?’ ಅಂತಾಳೆ. ‘ಎಣಿಸ್ತಾ ಇವ್ನಿ’ ಅಂತಾಳೆ ಇವಳು. ಮುನ್ನೂರಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಶುರು ಮಾಡುತ್ತಾಳೆ. ನಾಲ್ಕು ಗಂಟೆ ಬಸ್ಸಿನ ಹಾರನ್ ಕೇಳುತ್ತದೆ. ಇಳಿದು ಬಂದು, ಕಾಲು ತೊಳೆದುಕೊಂಡು, ಚಪ್ಪಲಿ ಮೆಟ್ಟುತ್ತಾಳೆ.

ಈ ಎರಡೂವರೆ ಪುಟದಲ್ಲಿ ಉಸಿರುಗಟ್ಟಿತು ಎಂಬ ಪದ ಎಲ್ಲೂ ಇಲ್ಲ, ಓದುವ ನನಗೆ ಉಸಿರುಗಟ್ಟಿತು. ಇದನ್ನು ನೀವು ಎಷ್ಟು ಸಲ ತಿದ್ದಿದ್ದೀರಿ? ಒಂದೇ ಏಟಿಗೆ ಬರೆದದ್ದಿರಬೇಕು. ಮೊದಲ 37 ಪುಟ ತೆಗೆದು ಪಕ್ಕಕ್ಕಿಡಿ. ಅಳಿಸಬೇಡಿ, ಬೇರೆ ಫೋಲ್ಡರಿಗೆ ಹಾಕಿ, ಕಾದಂಬರಿಯನ್ನು ಅಟ್ಟದಿಂದಲೇ ಶುರು ಮಾಡಿ. ಮಾತುಗಳಿಗೆಲ್ಲ ಆ ಅತ್ತೆ ಸೊಸೆಯ ಮೂರು ಪದಗಳನ್ನೇ ಅಳತೆಗೋಲು ಮಾಡಿಕೊಳ್ಳಿ. ಬರೆದ ಪ್ರತಿ ಸಂಭಾಷಣೆಯನ್ನೂ ಜೋರಾಗಿ ಓದಿ. ನಿಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಮಾತು ಆಡಿದರೆ ಜನ ತಿರುಗಿ ನೋಡುತ್ತಾರೆ ಅನ್ನಿಸಿದರೆ ಹೊಡೆದುಹಾಕಿ.

ಇನ್ನು ನಿಂತದ್ದು ಯಾಕೆ? ನಿಮ್ಮ ಸಾರಾಂಶದಲ್ಲಿ ಒಂದು ಸಾಲಿದೆ: ‘ನಾಲ್ಕು ವರ್ಷದ ಮಗನನ್ನು ತವರಿನಲ್ಲಿ ಬಿಟ್ಟು ಬೆಂಗಳೂರಿಗೆ ಹೊರಟಳು.’ ಅಷ್ಟೇ. ಮುಂದಿನ ಸಾಲಿನಲ್ಲಿ ಪೀಣ್ಯ, ಹೊಲಿಗೆ ಮಿಷನ್ನು, ಸೂಪರ್‌ವೈಸರ್. ಗಂಡ ಹೊಡೆಯುವುದಕ್ಕೆ ಎರಡು ಅಧ್ಯಾಯ ಕೊಟ್ಟಿದ್ದೀರಿ, ಅತ್ತೆಯ ಕಾಟಕ್ಕೆ ಒಂದು. ಮಗುವಿಗೆ ಒಂದು ಸಾಲು. 140ನೇ ಪುಟ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಸರಿಯಾಗಿ ಆ ಸಾಲಿನ ಹೊಸಿಲಲ್ಲಿ.

ಚಿಕ್ಕಮ್ಮನ ಮೇಲೆ ನಿಮಗೆ ತುಂಬಾ ಪ್ರೀತಿ ಇರುವುದು ಗೊತ್ತಾಗುತ್ತದೆ. ಆ ಪ್ರೀತಿಯಿಂದಲೇ ಅವರನ್ನು ದೇವತೆ ಮಾಡಿ ಕೂರಿಸಿದ್ದೀರಿ. ಎಲ್ಲರೂ ಅವರಿಗೆ ಅನ್ಯಾಯ ಮಾಡುತ್ತಾರೆ, ಅವರು ಯಾರಿಗೂ ಮಾಡುವುದಿಲ್ಲ. ಅಂಥವರನ್ನು ಪೂಜೆ ಮಾಡಬಹುದು, ಅವರ ಹಿಂದೆ ಮುನ್ನೂರು ಪುಟ ನಡೆಯಲಾಗುವುದಿಲ್ಲ. ಆ ಹುಡುಗ ಬೆಳಗ್ಗೆ ಎದ್ದು ಅಮ್ಮ ಎಲ್ಲಿ ಎಂದು ಕೇಳಿದಾಗ ಮನೆಯವರು ಏನು ಹೇಳಿದರು? ಬಸ್ಸಿನಲ್ಲಿ ಅವಳಿಗೆ ನಿದ್ದೆ ಬಂತೇ? ಬಂದಿದ್ದರೆ ಇನ್ನೂ ಭಯಂಕರ. ಮೊದಲ ಸಂಬಳದಲ್ಲಿ ಅವನಿಗೆ ಅಂಗಿ ತಗೊಂಡಳೇ, ತಗೊಂಡಿದ್ದರೆ ಅಳತೆ ಸರಿಹೋಯಿತೇ? ಇವನ್ನೆಲ್ಲ ಬರೆದರೆ ಚಿಕ್ಕಮ್ಮ ಚಿಕ್ಕವರಾಗುತ್ತಾರೆ ಎಂದು ನಿಮಗೆ ಭಯ. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ: ನಿಮ್ಮ ಮಗಳಿಗೂ ಆರೇ ವರ್ಷ, ಆ ಹುಡುಗನಿಗಿಂತ ಎರಡೇ ವರ್ಷ ದೊಡ್ಡವಳು. ಅಂಥ ವಯಸ್ಸಿನ ಮಗು ಪಕ್ಕದ ಕೋಣೆಯಲ್ಲಿ ಮಲಗಿರುವಾಗ ಆ ಸಾಲನ್ನು ಬಿಡಿಸಿ ಬರೆಯುವುದು ಸುಲಭವಲ್ಲ. ಅದಕ್ಕೇ ಮಳೆಯನ್ನು ತಿದ್ದುತ್ತಾ ಕೂತಿದ್ದೀರಿ. ಮಳೆ ಯಾರನ್ನೂ ನೋಯಿಸುವುದಿಲ್ಲವಲ್ಲ.

ನಿಮ್ಮ ತಾಯಿಯ ಮಾತು. ಅವರ ಸಂಕಟ ಸುಳ್ಳಲ್ಲ, ಊರಲ್ಲಿ ನಾಲ್ಕು ಜನರ ಮುಖ ನೋಡಬೇಕಾದವರು ಅವರು. ಆದರೆ ಇದು ಅವರ ಕಥೆ ಅಲ್ಲ, ಒಪ್ಪಿಗೆಯೂ ಅವರು ಕೊಡಬೇಕಾದದ್ದಲ್ಲ. ಮೊದಲ ಕರಡು ಮುಗಿಯುವ ತನಕ ಯಾರಿಗೂ ತೋರಿಸಬೇಡಿ, ಗಂಡನಿಗೂ. ಮುಗಿದ ಮೇಲೆ, ಪ್ರಕಾಶಕರ ಕೈಗೆ ಹೋಗುವ ಮೊದಲು, ಚಿಕ್ಕಮ್ಮನ ಮುಂದೆ ಕೂತು ಓದಿ ಹೇಳಿ. ಪುಸ್ತಕವಾಗಿ ಬಂದ ಮೇಲೆ ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು. ಅಷ್ಟರಲ್ಲಿ ಊರು, ಹೆಸರು, ಮಕ್ಕಳ ಸಂಖ್ಯೆ, ಅವರ ಗಂಡನ ಕಸುಬು ಎಲ್ಲ ಬದಲಾಗಿರಲಿ. ಆ ಗಂಡನ ಕಡೆಯವರು ಈಗಲೂ ಇದ್ದಾರೆಂದು ಬರೆದಿದ್ದೀರಿ, ಅವರೇ ಎಂದು ಗುರುತು ಸಿಗುವ ಹಾಗಿದ್ದರೆ ಮಾನನಷ್ಟದ ನೋಟಿಸು ಬರಲೂಬಹುದು. ಚಿಕ್ಕಮ್ಮ ಬೇಡ ಎಂದರೆ? ಆಗ ನನಗೆ ಮತ್ತೆ ಬರೆಯಿರಿ. ಅದಕ್ಕೆ ಈಗಲೇ ಕೊಡುವ ಉತ್ತರ ನನ್ನಲ್ಲಿಲ್ಲ. ಬರೆಯುತ್ತಾ ಹೋದಂತೆ ಆ ಹೆಂಗಸು ಚಿಕ್ಕಮ್ಮನಿಂದ ದೂರ ಸರಿದು ಬೇರೆಯೇ ಒಬ್ಬಳಾಗುವುದನ್ನು ಮಾತ್ರ ನಾನು ಸಾಕಷ್ಟು ಸಲ ನೋಡಿದ್ದೇನೆ.

70,000ದ ವಿಚಾರದಲ್ಲಿ ನನಗೆ ಸಿಟ್ಟು ಬರುತ್ತದೆ, ಕಾರಣ ಸ್ವಂತದ್ದು. ನನ್ನ ಮೊದಲ ಕಥಾ ಸಂಕಲನಕ್ಕೆ ಬಳೆ ಅಡವಿಟ್ಟು ದುಡ್ಡು ಕೊಟ್ಟಿದ್ದೆ. ಆ ಪ್ರಕಾಶಕರು ಪ್ರೂಫ್ ಸಹ ನೋಡದೆ ಅಚ್ಚು ಹಾಕಿ, ಮುನ್ನೂರು ಪ್ರತಿ ಆಟೋದಲ್ಲಿ ಹಾಕಿ ಮನೆಗೆ ಕಳಿಸಿದರು. ಮಂಚದ ಕೆಳಗೆ ಇಟ್ಟೆವು. ಮೊದಲ ಓದುಗರು ಗೆದ್ದಲು, ಅವೂ ಪೂರ್ತಿ ಓದಲಿಲ್ಲ. ಸ್ವಂತ ಪ್ರಕಟಣೆ ಅವಮಾನವೇನೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ಮಾರಿದವರು. ಆದರೆ ನೀವೇ ದುಡ್ಡು ಹಾಕುವುದಾದರೆ ಪ್ರಕಾಶಕರೂ ನೀವೇ ಆಗಿರಿ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ. ಡಿಟಿಪಿ (ಅಕ್ಷರ ಜೋಡಣೆ), ಪ್ರೂಫ್, ಅಚ್ಚು ಎಲ್ಲಕ್ಕೂ ಬೇರೆ ಬೇರೆ ದರ ಕೇಳಿ ನೋಡಿ, 70,000ದಲ್ಲಿ ಯಾವುದಕ್ಕೆಷ್ಟು ಹೋಗುತ್ತಿತ್ತು ಎಂದು ಗೊತ್ತಾಗುತ್ತದೆ. ಹೊಸಬರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ವಿಚಾರಿಸಿ. ಸಣ್ಣಕಥೆಗಳನ್ನೂ ಬರೆಯುತ್ತಿದ್ದರೆ ಛಂದ ಪುಸ್ತಕ ಪ್ರಕಾಶನದವರು ಹೊಸ ಕಥೆಗಾರರ ಹಸ್ತಪ್ರತಿಗೆ ಕೊಡುವ ಬಹುಮಾನಕ್ಕೆ ಕಳಿಸಿ, ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೂ ಕಳಿಸಿ. ಬಹುಮಾನಕ್ಕಿಂತ, ಮುಗಿಸಿ ಕಳಿಸುವ ಅಭ್ಯಾಸ ಬೀಳುತ್ತದೆ.

ಆ ಪ್ರಕಾಶಕರ ಕರಾರಿನಲ್ಲಿ ‘ಸರ್ವ ಹಕ್ಕುಗಳೂ ಪ್ರಕಾಶಕರಿಗೆ’ ಎಂದಿರುವುದನ್ನು ಅಕಸ್ಮಾತ್ತಾಗಿ ಎಂಬಂತೆ ಬರೆದಿದ್ದೀರಿ. ನಿಮ್ಮಿಂದ ದುಡ್ಡು ಪಡೆದು ಹಕ್ಕೂ ಪಡೆಯುವುದು! 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂದು ಬರೆದಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು ಕಾಯ್ದೆ ಭಾವಿಸುತ್ತದೆ. ಬರೆದವರ ಹಕ್ಕು ಅವರು ತೀರಿಕೊಂಡು 60 ವರ್ಷದವರೆಗೂ ಇರುತ್ತದೆ, ಅಂದರೆ ಅದು ನಿಮ್ಮ ಮಗಳ ಆಸ್ತಿಯೂ ಹೌದು. ಯಾವ ಪ್ರಕಾಶಕರೇ ಆಗಲಿ, ಮುದ್ರಣದ ಹಕ್ಕು ಮಾತ್ರ ಕೊಡಿ. ಅನುವಾದ, ಆಡಿಯೊ, ಸಿನಿಮಾ ನಿಮ್ಮಲ್ಲೇ ಉಳಿಯಲಿ.

ಸಮಯದ ಲೆಕ್ಕ ಉಳಿಯಿತು. ಮೆಟ್ರೊದಲ್ಲಿ ಹೋಗಿ ಬರುವ ಎರಡೂವರೆ ಗಂಟೆ ಇದೆ ಎಂದಿರಿ. ನಾಲ್ಕು ಜನರ ಮೊಣಕೈ ನಡುವೆ ಕಾದಂಬರಿ ಬರೆಯಿರಿ ಎನ್ನುವಷ್ಟು ನಿರ್ದಯಿ ನಾನಲ್ಲ. ಅಲ್ಲಿ ಓದಿ. ಸೀಟು ಸಿಕ್ಕ ದಿನ ಹಿಂದಿನ ವಾರ ಬರೆದದ್ದನ್ನು ಫೋನಿನಲ್ಲಿ ನೋಡಿ, ತಿದ್ದಬೇಡಿ. ಬರೆಯುವುದಕ್ಕೆ ಗಂಡನ ಹತ್ತಿರ ಒಂದು ವರ್ಷದ ಬದಲು ಭಾನುವಾರದ ಬೆಳಗ್ಗೆ ಕೇಳಿ, ಆರರಿಂದ ಹತ್ತು. ತಿಂಡಿ, ಮಗಳ ಸ್ನಾನ, ಹಾಲಿನವನು, ಅತ್ತೆಯ ಫೋನು ಎಲ್ಲ ಅವರದು. ವರ್ಷಕ್ಕೆ ಐವತ್ತು ಭಾನುವಾರ ಎಂದರೆ ಇನ್ನೂರು ಗಂಟೆ. ಗಂಟೆಗೆ ಒಂದು ಪುಟವಾದರೂ ಕರಡು ಮುಗಿಯುತ್ತದೆ. ಸಂಬಳ ಬಿಟ್ಟುಕೊಡಲು ಒಪ್ಪಿದವರು ಉಪ್ಪಿಟ್ಟು ಮಾಡಲು ಒಪ್ಪುತ್ತಾರೋ ಇಲ್ಲವೋ ನೋಡೋಣ. ಕರಡು ಮುಗಿದ ಮೇಲೆ ಕೆಲವು ತಿಂಗಳು ಅಟ್ಟಕ್ಕೆ ಹಾಕಿ. ನಿಮ್ಮ ಊರಿನವರಿಗೆ ಅದನ್ನು ನಾನು ಹೇಳಿಕೊಡಬೇಕಿಲ್ಲ. ಇಳಿಸಿದಾಗ ಅಲ್ಲಾಡಿಸಿ ನೋಡಿ.

ಬರುವ ಭಾನುವಾರ ಮೊದಲಿನಿಂದ ಬರೆಯಲು ಹೋಗಬೇಡಿ. ಬಸ್ ಹೊರಟ ಮಾರನೆಯ ಬೆಳಗ್ಗೆ, ಅಜ್ಜಿಯ ಮನೆ, ಆ ಹುಡುಗ ಎದ್ದು ಕೂತಿದ್ದಾನೆ. ಅಷ್ಟನ್ನು ಬರೆದು ನನಗೆ ಕಳಿಸಿ. ಕಳಿಸುವಾಗ ಯೂನಿಕೋಡ್‌ಗೆ ಬದಲಾಯಿಸಿ ಕಳಿಸಿ. ಈ ಸಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಹಾಗೇ ಕಳಿಸಿದ್ದಿರಿ. ನನ್ನ ಫೋನಿನಲ್ಲಿ ತೆರೆದರೆ ನಿಮ್ಮ ಚಿಕ್ಕಮ್ಮ ಪೂರ್ತಿ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಡಾಲರ್ ಚಿಹ್ನೆಗಳಾಗಿದ್ದರು. ಪಕ್ಕದ ಮನೆ ಹುಡುಗ ಬಂದು ಸರಿ ಮಾಡಿಕೊಟ್ಟ.