ತೋಟದಲ್ಲಿ ಸಿಕ್ಕಿದ ಕಾಲಿಲ್ಲದ ಜೀವಿ ಎರೆಹುಳುವೋ, ಹಾವಿನ ಮರಿಯೋ?

ಮಲೆನಾಡಿನ ಅಡಿಕೆ ತೋಟದಲ್ಲಿ ಗುಂಡಿ ತೋಡುವಾಗ ಗೇಣುದ್ದದ ಜೀವಿ ಸಿಕ್ಕಿತು, ಕಂದು-ನೇರಳೆ ಬಣ್ಣ, ಮೈತುಂಬ ಉಂಗುರ, ಎರಡೂ ಪಕ್ಕದಲ್ಲಿ ಹಳದಿ ಪಟ್ಟಿ ಎಂದು ಬರೆದಿದ್ದೀರಿ. ಈ ವಿವರ ಎರೆಹುಳುವಿಗೂ ಹೊಂದುವುದಿಲ್ಲ, ಹಾವಿಗೂ ಹೊಂದುವುದಿಲ್ಲ. ಅದು ಬಹುತೇಕ ಇಕ್ತಿಯೊಫಿಸ್ ಕುಲದ ಸಿಸಿಲಿಯನ್. ಕಪ್ಪೆಯ ಬಳಗದ ಉಭಯವಾಸಿ.

ಕಾಲಿಲ್ಲ, ಉದ್ದಕ್ಕಿದೆ, ಮಣ್ಣಲ್ಲಿದೆ ಎಂಬುದಷ್ಟನ್ನೇ ಹಿಡಿದು ಗುಂಪು ಹೇಳಹೊರಟರೆ ಎಡವುತ್ತೇವೆ. ಮಣ್ಣು ಕೊರೆದು ಬದುಕುವ ಪ್ರಾಣಿಗೆ ಕಾಲು ಅಡ್ಡಿಯೇ. ಎರೆಹುಳುವಿಗೆ ಅದು ಎಂದೂ ಇರಲಿಲ್ಲ. ಹಾವು ಮತ್ತು ಸಿಸಿಲಿಯನ್ನಿನ ಪೂರ್ವಜರು ಬೇರೆಬೇರೆಯಾಗಿಯೇ ಕಳೆದುಕೊಂಡರು. ನೋಡಬೇಕಾದದ್ದು ಬೆನ್ನೆಲುಬು, ದವಡೆ, ಚರ್ಮ.

ಮೊದಲು, ಬರಿಗೈಯಲ್ಲಿ ಹಿಡಿಯಬೇಡಿ. ಪಶ್ಚಿಮ ಘಟ್ಟದಲ್ಲಿ ವಿಷವುಳ್ಳ ಹವಳದ ಹಾವುಗಳೂ ತರಗೆಲೆಯಡಿ ಇರುತ್ತವೆ. ಒದ್ದೆ ಎಲೆಯ ಮೇಲೆ ಹತ್ತಿಸಿಕೊಂಡು, ನೆರಳಲ್ಲಿ, ಬಿಳಿ ತಟ್ಟೆಗೆ ಬಿಟ್ಟು ಹತ್ತು ಪಟ್ಟಿನ ಮಸೂರದಲ್ಲಿ ತಲೆ ನೋಡಿ.

ಬಾಯಿಯ ಪಕ್ಕದಲ್ಲಿ ದವಡೆಯ ಗೆರೆ ಕಾಣದಿದ್ದರೆ ಎರೆಹುಳು, ಅಂದರೆ ಅನೆಲಿಡಾ ವಂಶದ ಅಕಶೇರುಕ. ಅದರ ಉಂಗುರಗಳು ಮೈಯೊಳಗೂ ಗೋಡೆಗಳಾಗಿ ಮುಂದುವರಿಯುತ್ತವೆ. ಒರಟು ಕಾಗದದ ಮೇಲೆ ಹರಿಯಬಿಟ್ಟರೆ ಮೈಯ ಬಿರುಗೂದಲು ಗೀಚುವ ಸಣ್ಣ ಸದ್ದು ಕೇಳುತ್ತದೆ.

ದವಡೆಯಿದ್ದರೆ ಕಶೇರುಕ. ಈಗ ಚರ್ಮ ನೋಡಿ. ಹೆಂಚು ಹೊದಿಸಿದಂಥ ಒಣ ಹುರುಪೆ ಇದ್ದರೆ ಸರೀಸೃಪ. ತೋಟಗಳಲ್ಲಿ ಸಾಮಾನ್ಯವಾಗಿ ಸಿಗುವ ಕುರುಡು ಹಾವಿಗೆ ಕಣ್ಣೆಂದರೆ ಹುರುಪೆಯಡಿಯ ಕಪ್ಪು ಚುಕ್ಕೆ. ಬಾಲದ ತುದಿಯಲ್ಲಿ ಚಿಕ್ಕ ಮುಳ್ಳು. ಬೇರೆ ಹಾವುಗಳಿಗಿರುವ ಅಗಲ ಹೊಟ್ಟೆ-ಹುರುಪೆ ಇದಕ್ಕಿಲ್ಲ, ಸುತ್ತಲೂ ಒಂದೇ ಅಳತೆ. ಹಾವುರಾಣಿಗೆ ಪುಟ್ಟ ಕಾಲುಗಳ ಜೊತೆ ಮಿಟುಕುವ ರೆಪ್ಪೆ, ಕಿವಿಯ ತೂತು ಇರುತ್ತವೆ. ಹಾವಿಗೆ ಎರಡೂ ಇಲ್ಲ.

ಲೋಳೆಯಿಂದ ಒದ್ದೆಯಾದ ಬೆತ್ತಲೆ ಚರ್ಮವಿದ್ದು ದವಡೆಯೂ ಇದ್ದರೆ ಸಿಸಿಲಿಯನ್. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಹೊರಚಾಚುವ ಪುಟ್ಟ ಸ್ಪರ್ಶಾಂಗ ಕಂಡಿತೆಂದರೆ ಸಂಶಯವೇ ಬೇಡ, ಬೇರಾವ ಬೆನ್ನೆಲುಬಿನ ಪ್ರಾಣಿಗೂ ಅಂಥದ್ದಿಲ್ಲ. ಅದರ ಉಂಗುರಗಳು ಚರ್ಮದ ಮಡಿಕೆಗಳು. ಇಕ್ತಿಯೊಫಿಸ್‌ನಲ್ಲಿ ಆ ಮಡಿಕೆಗಳೊಳಗೆ ಸೂಕ್ಷ್ಮ ಹುರುಪೆಗಳು ಅಡಗಿರುತ್ತವೆ. ಪ್ರಾಣಿಶಾಸ್ತ್ರ ಓದಿದವರೂ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ, ಆದರೆ ಹೊರಗಿನಿಂದ ಅವು ಕಾಣುವುದಿಲ್ಲ.

ಬಣ್ಣವನ್ನು ನೆಚ್ಚಿಕೊಳ್ಳಬೇಡಿ. ಪೊರೆ ಬಿಡುವ ಮುನ್ನ ಕುರುಡು ಹಾವು ಬೂದು-ನೀಲಿಯಾಗಿ ಮಂಕಾಗುತ್ತದೆ, ಎರೆಹುಳುವಿನಂತೆಯೇ ತೋರುತ್ತದೆ. ಚಲನೆಯೂ ಅಷ್ಟೇ: ಸಿಸಿಲಿಯನ್ ಬಿಲದೊಳಗೆ ಎರೆಹುಳುವಿನ ಹಾಗೆ ಮೈ ಹಿಗ್ಗಿಸಿ ಕುಗ್ಗಿಸಿ ಸಾಗಬಲ್ಲದು.

ಉಪ್ಪು ಮಾತ್ರ ಹಾಕಬೇಡಿ, ಬಿಸಿಲಲ್ಲೂ ಇಡಬೇಡಿ. ಚರ್ಮದ ಮೂಲಕವೂ ಉಸಿರಾಡುವ ಜೀವಿ ಅದು, ಒಣಗಿದರೆ ಸಾಯುತ್ತದೆ. ಸಿಕ್ಕ ಜಾಗದ ಪಕ್ಕದಲ್ಲೇ ತೇವದ ಮಣ್ಣಿಗೆ ಬಿಟ್ಟು ತರಗೆಲೆ ಮುಚ್ಚಿ. ಅಗೆದಲ್ಲಿ ಮೊಟ್ಟೆಗಳ ಗೊಂಚಲನ್ನು ಸುತ್ತಿಕೊಂಡು ತಾಯಿ ಮಲಗಿದ್ದರೆ ಗುಂಡಿಯನ್ನು ನಾಲ್ಕು ಅಡಿ ಆಚೆ ತೋಡಿ. ಆ ಮೊಟ್ಟೆಯೊಡೆದು ಬರುವ ಮರಿಗಳು ಹತ್ತಿರದ ಹಳ್ಳದ ನೀರಿಗೆ ಸೇರಬೇಕು.